ದೇವಿಮನೆ ಘಟ್ಟ ಬ್ಲಾಕ್ ಆದ ದಿನದ ಗಟ್ಟಿಮೇಳ

ನಮ್ ಕಡೆ ಸ್ಯಾಕ್ಸೋಫೋನ್ ನೋಡಿ ಯಾರೂ ಕಣ್ಣರಳಿಸಲ್ಲ. ಬೆಂಗ್ಳೂರಲ್ಲಿ ಅದು ಪಬ್ಬಿನ ವಸ್ತು, ಇಲ್ಲಿ ಮದುವೆಮನೆದು, ತೇರಿಂದು. ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದ ಮೇಲಂತೂ ವಾಲಗದ ಸೆಟ್ಟಲ್ಲಿ ಸ್ಯಾಕ್ಸ್ ಇಲ್ದಿದ್ರೆ ಹೆಣ್ಣಿನ ಕಡೆಯವ್ರು ಜುಗ್ಗರು ಅಂತ ಜನ ಮಾತಾಡ್ಕೋತಾರೆ. ಹಂಗಾಗಿ ಶಿರಸಿಲಿ ದೊಡ್ಡಪ್ಪನ ಮಗಳ ಮದುವೆಗೆ ನಾನು ಕರ್ಕೊಂಡು ಬಂದ ದೋಸ್ತನ ಹೆಗಲ ಮೇಲಿನ ಕೇಸ್ ನೋಡಿ ಇದೆಂತ ಅಂತ ಯಾರೂ ಕೇಳ್ಲಿಲ್ಲ, ಎಲ್ರೂ ಮನಸ್ಸಲ್ಲೇ ಲೆಕ್ಕ ಹಾಕ್ಕೊಂಡ್ರು.

ತೊಂದ್ರೆ ಏನಂದ್ರೆ ಅವ್ನು ನುಡಿಸೋದು ಫ್ರೀ ಜಾಝ್. ಅವನ ಸ್ಯಾಕ್ಸ್, ಇನ್ನೊಬ್ಬನ ಗಿಟಾರ್, ತಗ್ಗು ಸ್ವರಕ್ಕೆ ನನ್ನ ಬಾಸ್, ಅಷ್ಟೇ, ಡ್ರಮ್ ಇಲ್ಲ. (ಡ್ರಮ್ ಇಲ್ದೇ ನಡಿಯತ್ತಾ ಅಂದ್ರೆ, ಅಮೆರಿಕದ ಜಿಮ್ಮಿ ಜೂಫ್ರಿ 1950ರ ದಶಕದಲ್ಲೇ ಇದೇ ಮೂರು ವಾದ್ಯ ಇಟ್ಕೊಂಡು ರೆಕಾರ್ಡ್ ಮಾಡಿದ್ದ.) ರಾಗ, ತಾಳ, ಹಾಡು ಏನೂ ಮೊದ್ಲೇ ಫಿಕ್ಸ್ ಮಾಡ್ಕೊಳಲ್ಲ, ಒಬ್ಬ ಏನೋ ಶುರು ಮಾಡ್ತಾನೆ, ಉಳಿದಿಬ್ರು ಕೇಳ್ತಾ ಕೇಳ್ತಾ ಹೂಂ ಅಂತಾರೆ, ಇಲ್ಲಾ ಜಗಳ ತೆಗೀತಾರೆ. ಮದುವೆ ಊಟ ಮುಗಿಸಿ ಗೋಕರ್ಣಕ್ಕೆ ಹೋಗಿ ಬೀಚಲ್ಲಿ ನುಡಿಸೋದು ಅಂತ ನಮ್ ಪ್ಲ್ಯಾನು.

ಬೆಳಿಗ್ಗೆ ದೊಡ್ಡಪ್ಪ ಬೆವರು ಒರೆಸ್ಕೊಳ್ತಾ ಬಂದ. "ತಮಾ, ವಾಲಗದವ್ರ ಗಾಡಿ ದೇವಿಮನೆ ಘಟ್ಟದಲ್ಲಿ ಸಿಕ್ಕಾಕ್ಕಂಜು, ಲಾರಿ ಅಡ್ಡ ಬಿದ್ದಿದಡ. ನಿನ್ನ ದೋಸ್ತ ಊದ್ತ್ನಲಾ?" ದೋಸ್ತ ಏನ್ ನುಡಿಸ್ಬೇಕು ಅಂಕಲ್ ಅಂತ ಕೇಳಿದ. "ಎಂತಾದ್ರೂ ಅಡ್ಡಿಲ್ಲೆ!"

ಫ್ರೀ ಜಾಝ್‌ನವ್ನಿಗೆ ಹೇಳಬಾರದ ಒಂದೇ ಒಂದು ಮಾತು ಇದ್ರೆ ಅದು ಇದು.

ಮೊದ್ಲ ಐದು ನಿಮಿಷ ಪರವಾಗಿರ್ಲಿಲ್ಲ, ಸಣ್ಣಗೆ ಒಂದೇ ಸ್ವರ ಹಿಡಿದು ಎಳೀತಿದ್ದ, ವರನ ಕಡೆಯ ಹೆಂಗಸರು ಭಕ್ತಿಯಿಂದ ನೋಡ್ತಿದ್ರು. ಆಮೇಲೆ ರೀಡ್ ಕಚ್ಚಿ ಒಂದು ಕೀರಲು ತೆಗೆದ ನೋಡಿ, ಮೈಕ್ ಸೆಟ್ಟಿನ ಹುಡುಗ ಹೌಲಿಂಗ್ ಬಂತು ಅಂತ ಓಡಿ ಬಂದು ಇರೋಬರೋ ನಾಬ್ ಎಲ್ಲ ಕೆಳಗಿಳಿಸಿಬಿಟ್ಟ, ಅತ್ಲಾಗೆ ಭಟ್ರ ಮಂತ್ರವೂ ಬಂದ್!

ಮುಂದಿನ ಸಾಲಲ್ಲಿ ಕವಳ ಹಾಕ್ತಾ ಕೂತಿದ್ದ ಅಜ್ಜ ನನ್ನ ಕರೆದು "ಇವಕ್ಕೆ ಭಾಗವತ್ರು ಯಾರಾ?" ಅಂದ. ಯಾರೂ ಇಲ್ಲ ಅಜ್ಜಾ ಅಂದೆ. ಆರ್ನೆಟ್ ಕೋಲ್ಮನ್ ಅಂತ ಜಾಝ್ ಸ್ಯಾಕ್ಸ್‌ನವ ಒಬ್ಬ, 1960ರಲ್ಲಿ ಎಂಟು ಜನರನ್ನ ಎರಡು ಗುಂಪು ಮಾಡಿ, ಎರಡೂ ಗುಂಪು ಒಟ್ಟಿಗೇ ನುಡಿಸಿ 37 ನಿಮಿಷದ ರೆಕಾರ್ಡ್ ಮಾಡಿದ್ದ, ಆಗ್ಲೂ ಸುಮಾರು ಜನ ಬೈದಿದ್ರು ಅಂತೆಲ್ಲ ಹೇಳಿದೆ. ಅಜ್ಜ ಎಲೆಯ ನಾರು ತೆಗೀತಾ ಯೋಚನೆ ಮಾಡಿ, "ಹಂಗಾರೆ ತಾಳಮದ್ದಳೆ ಅರ್ಥ ಹೇಳ್ದಾಂಗೆ. ಬರ್ಕಂಡಿದ್ದು ಎಂತೂ ಇಲ್ಲೆ, ಎದುರಿನವ್ನ ಮಾತಿಗೆ ಅಲ್ಲೇ ಉತ್ತರ. ಆದ್ರೆ ಇಲ್ಲಿ ಮೂರೂ ಜನ ಒಟ್ಟಿಗೇ ಕೃಷ್ಣ" ಅಂದ. ಜಾಝ್ ಬಗ್ಗೆ ಸುಮಾರು ಓದಿದೀನಿ, ಇಷ್ಟು ಸರಿಯಾಗಿ ಬರೆದವ್ರನ್ನ ನೋಡಿಲ್ಲ.

ಅಷ್ಟರಲ್ಲಿ ಮುಹೂರ್ತ ಬಂತು. ಅಂತಃಪಟ ಸರೀತು, ಭಟ್ರು ಕೈ ಎತ್ತಿ ಬೀಸಿದ್ರು. ಈಗ ಗಟ್ಟಿಮೇಳ ಅಂದ್ರೆ ಏನು, ಎಲ್ಲರೂ ಒಟ್ಟಿಗೆ, ಕೈಲಾದಷ್ಟು ಜೋರಾಗಿ, ಯಾವ ಹಾಡೂ ಅಲ್ದೇ ಇರೋದನ್ನ ನುಡಿಸೋದು, ನಾವು ವರ್ಷಗಟ್ಲೆ ಪ್ರಾಕ್ಟೀಸ್ ಮಾಡಿದ್ದು ಇದನ್ನೇ! ಗಿಟಾರ್‌ನವ್ನು ತಂತಿ ಮೇಲೆ ಸ್ಟೀಲ್ ಚಮಚ ಉಜ್ಜಿದ, ನಾನು ಬಾಸ್ ಗುದ್ದಿದೆ, ಸ್ಯಾಕ್ಸ್ ಛಾವಣಿ ಮುಟ್ತು, ಅಕ್ಷತೆ ಬಿತ್ತು, ದೊಡ್ಡಮ್ಮ ಅತ್ರು. ಎಲ್ಲಾ ಸರೀನೇ ಇತ್ತು, ನಿಲ್ಸೋದು ಒಂದು ಬಿಟ್ಟು. ಭಟ್ರು ಸಾಕು ಅಂತ ಕೈ ಮಾಡ್ತಿದ್ರೆ ದೋಸ್ತ ಕಣ್ಣು ಮುಚ್ಕೊಂಡಿದಾನೆ. ಅದೇ ಹೊತ್ತಿಗೆ ಕರೆಂಟ್ ಹೋಗಿ ಗಿಟಾರು, ಬಾಸು ಎರಡೂ ಸೈಲೆಂಟ್. ನಮ್ಮಿಬ್ಬರ ಆ ಮೌನವನ್ನೂ ಅವ್ನು ಸೋಲೋಗೆ ಜಾಗ ಬಿಟ್ರು ಅಂತಲೇ ತಿಳ್ಕೊಂಡು ಜನರೇಟರ್ ಬರೋ ತನಕ ಊದಿದ, ಕೊನೆಗೆ ದೊಡ್ಡಪ್ಪನೇ ಹೋಗಿ ಭುಜ ಹಿಡಿದು ಅಲ್ಲಾಡಿಸಬೇಕಾಯ್ತು.

ವಾಲಗದವ್ರು ಬಂದಿದ್ದು ಪಾಯಸದ ಹೊತ್ತಿಗೆ. ಪಂಕ್ತಿಲಿ ಪಕ್ಕ ಕೂತಿದ್ದ ದೂರದ ಸಂಬಂಧಿ ಒಬ್ರು ದೋಸ್ತನ ನಂಬರ್ ತಗೊಂಡ್ರು, ಅವರ ಮನೇಲಿ ಮುಂದಿನ ತಿಂಗಳು ಮದುವೆಯಂತೆ. "ಬರೀ ಗಟ್ಟಿಮೇಳಕ್ಕೆ ಬನ್ನಿ ಸಾಕು, ಬಾಕಿದ್ದು ವಾಲಗದವ್ರು ನೋಡ್ಕತ್ರು." ದೋಸ್ತ ಸೀರಿಯಸ್ಸಾಗಿ ಕೇಳ್ತಾನೆ, "ಎಷ್ಟು ನಿಮಿಷದ ಸ್ಲಾಟ್ ಸರ್?"