ಒಂದು ಎಕ್ಸ್‌ಟ್ರಾ ಹಾರ್ಡ್ ಡಿಸ್ಕ್ ಹಾಕಿಕೊಳ್ಳೋಕೆ ಇಷ್ಟೊಂದು ಗೋಳು ಯಾಕೆ?

ಸಾವಿರಾರು ರೂಪಾಯಿ ಕೊಟ್ಟು ಹಾರ್ಡ್ ಡಿಸ್ಕ್ ತಗೊಂಡರೆ ಕೈಗೆ ಸಿಗೋದು ಏನು? ಬೂದು ಬಣ್ಣದ ಒಂದು ಆಂಟಿಸ್ಟ್ಯಾಟಿಕ್ ಕವರ್, ಅದರೊಳಗೆ ಡಿಸ್ಕು. ಅಷ್ಟೇ. ಡೇಟಾ ಕೇಬಲ್ ಇಲ್ಲ, ಸ್ಕ್ರೂ ಇಲ್ಲ, ಹೇಗೆ ಹಾಕಬೇಕು ಅಂತ ಒಂದು ಚೀಟಿ ಕೂಡ ಇಲ್ಲ. ಇದರ ಜೊತೆ ಇನ್ನೇನು ಬೇಕಾಗುತ್ತೆ ಅಂತ ಅಂಗಡಿಯವರು ಬಾಯಿ ಬಿಡಲ್ಲ, ಆನ್‌ಲೈನ್ ಪುಟದಲ್ಲೂ ಕಣ್ಣಿಗೆ ಬೀಳೋ ಹಾಗೆ ಬರೆದಿರಲ್ಲ. ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿದ ಮೇಲೆ ಗೊತ್ತಾಗುತ್ತೆ, ಡಿಸ್ಕನ್ನ ಮದರ್‌ಬೋರ್ಡಿಗೆ ಜೋಡಿಸೋ ಸಾಟಾ ಕೇಬಲ್ಲೇ ಇಲ್ಲ ಅಂತ. ಮದರ್‌ಬೋರ್ಡ್ ಡಬ್ಬದಲ್ಲಿ ಸಾಮಾನ್ಯವಾಗಿ ಎರಡು ಸಾಟಾ ಕೇಬಲ್ ಇರುತ್ತೆ. ಆದರೆ ಅಸೆಂಬಲ್ ಮಾಡಿಕೊಟ್ಟ ಅಂಗಡಿಯವರು ಎಷ್ಟು ಜನ ಆ ಡಬ್ಬ, ಮ್ಯಾನ್ಯುಯಲ್, ಉಳಿದ ಕೇಬಲ್ ಎಲ್ಲವನ್ನೂ ಗಿರಾಕಿ ಕೈಗೆ ಕೊಡ್ತಾರೆ? ದುಡ್ಡು ಕೊಟ್ಟವರದು ಅದು. ಕೇಳಿ ಇಸ್ಕೊಳ್ಳಿ.

ಕೇಬಲ್ ಕೊಳ್ಳೋಕೆ ಹೋದರೆ ಇನ್ನೊಂದು ಸುಲಿಗೆ. 'ಸಾಟಾ 3 ಕೇಬಲ್, ಸ್ಪೀಡ್ ಜಾಸ್ತಿ' ಅಂತ ದುಬಾರಿದು ತಗುಲಿಸ್ತಾರೆ. ತಿರುಗೋ ಡಿಸ್ಕು ಎಷ್ಟೇ ಮುಕ್ಕಿದರೂ ಸೆಕೆಂಡಿಗೆ 150ರಿಂದ 250 ಎಂಬಿ ಆಸುಪಾಸು. 6 ಗಿಗಾಬಿಟ್ಟಿನ ಸಾಟಾ ದಾರಿಯಲ್ಲಿ ಅರ್ಧವೂ ತುಂಬಲ್ಲ. ಹಳೇ ಕೇಬಲ್ ನೆಟ್ಟಗಿದ್ದರೆ ಅದೇ ಸಾಕು. ನೋಡಬೇಕಾಗಿರೋದು ಬೇರೆ ಎರಡು: ತುದಿಯಲ್ಲಿ ಲೋಹದ ಕ್ಲಿಪ್ ಇದೆಯಾ, ಮತ್ತು ಮದರ್‌ಬೋರ್ಡ್ ಕಡೆಯ ತುದಿ ನೇರ ಇದೆಯಾ. ಅಡ್ಡಕ್ಕೆ ಬಾಗಿದ ತುದಿಯದನ್ನ ಹಾಕಿದರೆ ಪಕ್ಕದ ಪೋರ್ಟ್ ಮುಚ್ಚಿ ಹೋಗುತ್ತೆ.

ಸ್ಕ್ರೂ ವಿಷಯಕ್ಕಂತೂ ಹೊಟ್ಟೆ ಉರಿಯುತ್ತೆ. 3.5 ಇಂಚಿನ ಡಿಸ್ಕಿಗೆ ಬೇಕಾಗಿರೋದು 6-32 ಥ್ರೆಡ್ಡಿನ ಗಿಡ್ಡ ಸ್ಕ್ರೂ, ನಾಲ್ಕೇ ನಾಲ್ಕು. 2.5 ಇಂಚಿನದಕ್ಕೆ, ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ ಡಿಸ್ಕು) ಸೇರಿ, ಎಂ3 ಅಳತೆಯದು. ಎರಡೂ ನೋಡೋಕೆ ಒಂದೇ ಥರ, ಆದರೆ ಅಲ್ಲ. ಎಂ3 ಸ್ಕ್ರೂನ ದೊಡ್ಡ ಡಿಸ್ಕಿಗೆ ಹಾಕಿದರೆ ಲೊಡಲೊಡ ಅಂತ ಆಡುತ್ತೆ. 6-32ನ್ನ ಸಣ್ಣ ಡಿಸ್ಕಿಗೆ ಬಲವಂತ ಮಾಡಿದರೆ ಥ್ರೆಡ್ಡೇ ಕಿತ್ತು ಬರುತ್ತೆ. ಮನೆಗೆ ಬರೋ ಟೆಕ್ನಿಷಿಯನ್ ಮಾಡೋದೇನು? ಜೇಬಿನಲ್ಲಿ ಸಿಕ್ಕಿದ್ದು ಒಂದು ಸ್ಕ್ರೂ ತಿರುಗಿಸಿ ಬಿಡ್ತಾರೆ. ಅದೂ ಇಲ್ಲದಿದ್ದರೆ ಡಬಲ್ ಸೈಡ್ ಟೇಪು, ಇಲ್ಲಾ ಕೇಬಲ್ ಟೈ. ಕ್ಯಾಬಿನೆಟ್ ತಳದಲ್ಲಿ ಸುಮ್ಮನೆ ಮಲಗಿಸಿ ಹೋಗೋರೂ ಇದ್ದಾರೆ. ಸ್ವಾಮಿ, ಒಳಗಡೆ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗ್ತಾ ಇರುತ್ತೆ. ಓದೋ ಹೆಡ್ ಆ ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಪಟ್ಟು ಕಮ್ಮಿ ಅಂತರದಲ್ಲಿ ತೇಲ್ತಾ ಇರುತ್ತೆ. ಡಿಸ್ಕು ಅದುರಿದರೆ ಹೆಡ್ ಟ್ರ್ಯಾಕ್ ತಪ್ಪುತ್ತೆ, ಮತ್ತೆ ಮತ್ತೆ ಓದೋಕೆ ಹೋಗುತ್ತೆ, ಸ್ಪೀಡ್ ಬಿದ್ದು ಹೋಗುತ್ತೆ. ಅಡ್ಡಕ್ಕೆ ಹಾಕಿ, ಉದ್ದಕ್ಕೆ ಹಾಕಿ, ತೊಂದರೆ ಇಲ್ಲ. ಅಲುಗಾಡದ ಹಾಗೆ ಹಾಕಿ. ಇಷ್ಟು ಮಾಡೋಕೂ ವಿಸಿಟಿಂಗ್ ಚಾರ್ಜ್ ತಗೊಳ್ಳೋರಿಗೆ ಆಗಲ್ವಾ?

ಕ್ಯಾಬಿನೆಟ್ ಮಾಡೋರನ್ನೂ ಬಿಡೋ ಹಾಗಿಲ್ಲ. ಮುಂದೆ ಗಾಜು, ಸುತ್ತ ಬಣ್ಣಬಣ್ಣದ ಲೈಟು, ಡಿಸ್ಕ್ ಕೂರಿಸೋಕೆ ಜಾಗ ಮಾತ್ರ ಇಲ್ಲ. ಇದ್ದರೂ ಪವರ್ ಸಪ್ಲೈ ಪಕ್ಕದ ಕತ್ತಲಲ್ಲಿ ಎರಡು ಡಿಸ್ಕಿನ ಒಂದು ಗೂಡು, ಕೇಬಲ್ ಬಾಗಿಸೋಕೆ ಬೆರಳು ಹೋಗಲ್ಲ. ಸ್ಕ್ರೂ ಬೇಡದ ಪ್ಲಾಸ್ಟಿಕ್ ಟ್ರೇ ಕೊಟ್ಟಿದ್ದಾರೆ ಅಂತ ಖುಷಿ ಪಡೋ ಹಾಗೂ ಇಲ್ಲ. ದೊಡ್ಡ ಕೆಪಾಸಿಟಿಯ ಎಷ್ಟೋ ಡಿಸ್ಕುಗಳಲ್ಲಿ ನಡುವಿನ ಸ್ಕ್ರೂ ತೂತು ತೆಗೆದೇ ಬಿಟ್ಟಿದ್ದಾರೆ, ಹಳೇ ಟ್ರೇಯ ಗೂಟ ಅದಕ್ಕೆ ಕೂರಲ್ಲ. ಡಿಸ್ಕ್ ಕೊಳ್ಳೋ ಮೊದಲು ಸೈಡ್ ಪ್ಯಾನೆಲ್ ಬಿಚ್ಚಿ ಜಾಗ ನೋಡಿ, ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಕಂಪನಿ ಡೆಸ್ಕ್‌ಟಾಪ್ (ಬ್ರ್ಯಾಂಡಿನವರೇ ಜೋಡಿಸಿ ಮಾರೋದು) ಆದರೆ ಇನ್ನೂ ಹುಷಾರು. ಅದರಲ್ಲಿ ಎಷ್ಟೋ ಮಾಡೆಲ್‌ಗಳಲ್ಲಿ ಡಿಸ್ಕಿನ ಪವರ್ ಮದರ್‌ಬೋರ್ಡಿನ ಒಂದು ಸಣ್ಣ ಕನೆಕ್ಟರಿಂದ ಬರುತ್ತೆ, ಆ ಕೇಬಲ್ ಹೊರಗೆ ಸುಲಭಕ್ಕೆ ಸಿಗಲ್ಲ.

ಈಗ ಪವರ್ ವಿಷಯ. ಉಳಿದದ್ದೆಲ್ಲ ಬರೀ ತಲೆನೋವು, ಇಲ್ಲಿ ತಪ್ಪಿದರೆ ಡಿಸ್ಕೂ ಹೋಗುತ್ತೆ, ಅದರಲ್ಲಿರೋದೂ ಹೋಗುತ್ತೆ.

ಮೊದಲು ಈಗಿರೋ ಸಾಟಾ ಪವರ್ ಕೇಬಲ್ಲನ್ನೇ ಪೂರ್ತಿ ಎಳೆದು ನೋಡಿ. ಒಂದೇ ವೈರಿನ ಮೇಲೆ ಎರಡರಿಂದ ನಾಲ್ಕು ಕನೆಕ್ಟರ್ ಸಾಮಾನ್ಯ, ಒಂದು ಖಾಲಿ ಇದ್ದೇ ಇರಬಹುದು. ಅದನ್ನ ನೋಡದೆ ಅಂಗಡಿಯಲ್ಲಿ ಕೊಡೋದು ಅಗ್ಗದ ಮೊಲೆಕ್ಸ್-ಸಾಟಾ ಕನ್ವರ್ಟರ್, ಅಂದರೆ ಹಳೇ ನಾಲ್ಕು ಪಿನ್ನಿನ ಪವರ್ ಕನೆಕ್ಟರನ್ನ ಸಾಟಾಗೆ ಬದಲಾಯಿಸೋ ತುಂಡು ವೈರು. ಇದರಲ್ಲಿ ಎರಡು ಜಾತಿ. ಒಂದರಲ್ಲಿ ವೈರ್‌ಗಳನ್ನ ಅಚ್ಚಿನಲ್ಲಿಟ್ಟು ಮೇಲೆ ಪ್ಲಾಸ್ಟಿಕ್ ಸುರಿದು ಮುಚ್ಚಿರ್ತಾರೆ. ಒಳಗೆ ವೈರು ಒಂದಕ್ಕೊಂದು ಎಷ್ಟು ಹತ್ತಿರ ಇದೆ ಅಂತ ಯಾರಿಗೂ ಕಾಣಲ್ಲ. ಬಿಸಿಗೆ ಮೆತ್ತಗಾಗಿ 12 ವೋಲ್ಟಿನ ಲೈನು ಪಕ್ಕದ್ದಕ್ಕೆ ತಗುಲಿದರೆ ಕನೆಕ್ಟರ್ ಕರಗುತ್ತೆ, ಬೆಂಕಿಯೂ ಹತ್ತುತ್ತೆ. ಇನ್ನೊಂದರಲ್ಲಿ ಪ್ರತಿ ವೈರಿನ ತುದಿಗೂ ಲೋಹದ ಪಿನ್ ಬೇರೆ ಬೇರೆ ಕೂತಿರುತ್ತೆ, ಹಿಂದಿನಿಂದ ನೋಡಿದರೆ ತೂತಿನೊಳಗೆ ಕಾಣುತ್ತೆ. ಬೇಕೇ ಬೇಕಾದರೆ ಎರಡನೆಯದನ್ನ ತಗೊಳ್ಳಿ. ಸುರಿದು ಮುಚ್ಚಿದ್ದನ್ನ ಪುಕ್ಕಟೆ ಕೊಟ್ಟರೂ ಬೇಡ. ಇದು ಎಷ್ಟೋ ವರ್ಷದಿಂದ ಗೊತ್ತಿರೋ ಅಪಾಯ. ಆದರೂ ಕೌಂಟರ್ ಮೇಲೆ ರಾಶಿ ಹಾಕಿಕೊಂಡು ಮಾರ್ತಾರೆ ಅಂದರೆ ಯಾರನ್ನ ಕೇಳೋದು?

ಮಾಡ್ಯುಲರ್ ಪವರ್ ಸಪ್ಲೈ, ಅಂದರೆ ಕೇಬಲ್ ಬಿಚ್ಚಿ ಹಾಕಬಹುದಾದದ್ದು, ಇರೋರು ಇನ್ನೊಂದು ತಿಳಿದಿರಬೇಕು. ಡಿಸ್ಕ್ ಕಡೆಯ ತುದಿ ಎಲ್ಲರದ್ದೂ ಒಂದೇ. ಪವರ್ ಸಪ್ಲೈ ಕಡೆಯ ತುದಿಗೆ ಸ್ಟ್ಯಾಂಡರ್ಡ್ ಅನ್ನೋದೇ ಇಲ್ಲ. ಹಳೇ ಪವರ್ ಸಪ್ಲೈಯ ಕೇಬಲ್ ಹೊಸದಕ್ಕೆ ಸರಿಯಾಗಿ ಕೂತುಬಿಡುತ್ತೆ, ಆದರೆ ಒಳಗಿನ ಪಿನ್ ಜೋಡಣೆ ಬೇರೆ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋಗುತ್ತೆ, ಸ್ವಿಚ್ ಹಾಕಿದ ಕ್ಷಣ ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಸುಟ್ಟು ಹೋಗುತ್ತೆ. ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್‌ಗಳ ನಡುವೆಯೂ ವ್ಯತ್ಯಾಸ ಇರುತ್ತೆ. ಕೂರೋ ಆಕಾರವನ್ನ ಒಂದೇ ಮಾಡಿ ಒಳಗಿನ ವೈರಿಂಗ್ ಮಾತ್ರ ಬೇರೆ ಇಟ್ಟರಲ್ಲ, ಇದಕ್ಕಿಂತ ಬೇಜವಾಬ್ದಾರಿ ಇನ್ನೇನಿದೆ?

ಸರ್ವರ್ ದರ್ಜೆಯ ಡಿಸ್ಕು, ಅಥವಾ ಎಕ್ಸ್‌ಟರ್ನಲ್ ಡಬ್ಬದಿಂದ ಬಿಚ್ಚಿ ತೆಗೆದ ಡಿಸ್ಕು ಕೆಲವು ಸಲ ಪವರ್ ಕೊಟ್ಟರೂ ತಿರುಗೋದೇ ಇಲ್ಲ. 'ಡೆಡ್ ಆಗಿದೆ, ಬೇರೆ ತಗೊಳ್ಳಿ' ಅಂತಾರೆ. ಹಾಗೆ ಎಷ್ಟು ಒಳ್ಳೇ ಡಿಸ್ಕು ಕಸಕ್ಕೆ ಹೋಗಿದೆಯೋ. ಸಾಟಾ ಪವರಿನ ಮೂರನೇ ಪಿನ್ನಿನಲ್ಲಿ ಮೊದಲು 3.3 ವೋಲ್ಟ್ ಬರ್ತಿತ್ತು. ಹೊಸ ನಿಯಮದ ಪ್ರಕಾರ ಅದೇ ಪಿನ್ನಿಗೆ ವೋಲ್ಟ್ ಬಂದರೆ 'ಆಫ್ ಆಗಿರು' ಅಂತ ಅರ್ಥ. ಹಳೇ ಪವರ್ ಸಪ್ಲೈ ಅಲ್ಲಿ 3.3 ವೋಲ್ಟ್ ಕೊಡ್ತಾನೇ ಇರುತ್ತೆ, ಡಿಸ್ಕು ಏಳೋದೇ ಇಲ್ಲ. ಡಿಸ್ಕಿನ ಪವರ್ ಕನೆಕ್ಟರಲ್ಲಿ, ಡೇಟಾ ಕನೆಕ್ಟರ್ ಪಕ್ಕದಿಂದ ಎಣಿಸಿ ಮೂರನೇ ಪಿನ್ನಿಗೆ ಕ್ಯಾಪ್ಟಾನ್ ಟೇಪಿನ (ಕರೆಂಟ್ ಹರಿಯಗೊಡದ, ಬಿಸಿ ತಡೆಯೋ ಟೇಪು) ಸಣ್ಣ ಚೂರು ಅಂಟಿಸಿದರೆ ತಿರುಗುತ್ತೆ. ಅಷ್ಟು ಸಣ್ಣದಾಗಿ ಕತ್ತರಿಸೋಕೆ ಆಗದಿದ್ದರೆ ಮೊದಲ ಮೂರೂ ಪಿನ್ ಮುಚ್ಚಿ, ಡಿಸ್ಕು ಅವನ್ನ ಬೇರೆ ಯಾವುದಕ್ಕೂ ಬಳಸಲ್ಲ.

ಎಲ್ಲ ಹಾಕಿ ಆನ್ ಮಾಡಿದರೂ, ವಿಂಡೋಸ್ ಏಳೋಕೆ ಮೊದಲು ತೆರೆಯೋ ಸೆಟ್ಟಿಂಗ್ ಪುಟ, ಅಂದರೆ ಬಯಾಸ್‌ನಲ್ಲಿ ಡಿಸ್ಕು ಕಾಣದೆ ಹೋದರೆ, ಡಿಸ್ಕನ್ನ ಬೈಯೋ ಮೊದಲು ಮದರ್‌ಬೋರ್ಡ್ ಮ್ಯಾನ್ಯುಯಲ್ ತೆಗೀರಿ. ಮದರ್‌ಬೋರ್ಡ್ ಮೇಲೇ ಇರೋ ಎಂ.2 ಅನ್ನೋ ತೆಳ್ಳನೆ ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಎಷ್ಟೋ ಬೋರ್ಡುಗಳಲ್ಲಿ ಒಂದೋ ಎರಡೋ ಸಾಟಾ ಪೋರ್ಟು ತಾನಾಗಿ ಸತ್ತು ಹೋಗುತ್ತೆ, ಲೈನು ಎರಡಕ್ಕೂ ಒಂದೇ ಆಗಿರೋದರಿಂದ. ಇದನ್ನ ಪೋರ್ಟಿನ ಪಕ್ಕದಲ್ಲಿ ಬರೆದಿರಲ್ಲ, ಡಬ್ಬದ ಮೇಲೂ ದೊಡ್ಡದಾಗಿ ಹೇಳಿರಲ್ಲ. ಮ್ಯಾನ್ಯುಯಲ್ಲಿನ ಯಾವುದೋ ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತೆ. ಬೇರೆ ಪೋರ್ಟಿಗೆ ಬದಲಾಯಿಸಿ ನೋಡಿ. ಬಯಾಸ್‌ನಲ್ಲಿ ಸಾಟಾ ಮೋಡ್ ಎಹೆಚ್‌ಸಿಐ, ರೇಡ್ ಅಂತ ಏನಿದೆಯೋ ಹಾಗೇ ಇರಲಿ. ಅದನ್ನ ಬದಲಾಯಿಸಿದರೆ ಇರೋ ವಿಂಡೋಸೂ ಬೂಟ್ ಆಗಲ್ಲ.

ಬಯಾಸ್‌ನಲ್ಲಿ ಕಂಡಿತು, ವಿಂಡೋಸ್ ಒಳಗೆ ಇಲ್ಲ. ಅರ್ಧಕ್ಕರ್ಧ ಜನ ಇಲ್ಲೇ ಮೋಸ ಹೋಗೋದು. ಹೊಸ ಡಿಸ್ಕಿನಲ್ಲಿ ಪಾರ್ಟಿಷನ್ನೇ (ಫೈಲ್ ಇಡೋಕೆ ಗುರುತು ಮಾಡಿದ ಜಾಗ) ಇರಲ್ಲ, ಅದಕ್ಕೇ ದಿಸ್ ಪಿಸಿಯಲ್ಲಿ ಕಾಣಲ್ಲ. ಇಷ್ಟು ವರ್ಷ ಆದರೂ ವಿಂಡೋಸ್‌ನವರಿಗೆ 'ಹೊಸ ಡಿಸ್ಕ್ ಸಿಕ್ಕಿದೆ, ಸಿದ್ಧ ಮಾಡಬೇಕಾ' ಅಂತ ತಾನಾಗಿ ಕೇಳೋ ಒಂದು ಕಿಟಕಿ ತೋರಿಸೋಕೆ ಆಗಿಲ್ಲ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಇನಿಷಿಯಲೈಸ್ (ಬಳಕೆಗೆ ಸಿದ್ಧ) ಮಾಡ್ಬೇಕಾ ಅಂತ ಕೇಳಿದರೆ, ಡಿಸ್ಕಿನ ಜಾಗದ ಲೆಕ್ಕ ಇಡೋ ಎರಡು ಪದ್ಧತಿಯಲ್ಲಿ ಹೊಸದಾದ ಜಿಪಿಟಿ ಆರಿಸಿ. ಹಳೇದಾದ ಎಂಬಿಆರ್ ಆರಿಸಿದರೆ 2 ಟಿಬಿಗಿಂತ ಆಚೆಯ ಜಾಗ ಕೈಗೆ ಸಿಗಲ್ಲ. 4 ಟಿಬಿ ಕೊಂಡು ಅರ್ಧ ಕಳಕೊಂಡೋರು ಹೀಗೇ ಕಳಕೊಂಡಿರೋದು. ಆಮೇಲೆ ಕಪ್ಪು ಪಟ್ಟಿ ಇರೋ ಅನ್‌ಅಲೊಕೇಟೆಡ್ ಜಾಗದ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಒಂದು ಡ್ರೈವ್ ಅಕ್ಷರ, ಮುಗೀತು. ಐದು ನಿಮಿಷದ ಕೆಲಸಕ್ಕೆ 'ಇನ್‌ಸ್ಟಲೇಷನ್ ಚಾರ್ಜ್' ಅಂತ ಬೇರೆ ಕೀಳ್ತಾರೆ. 2 ಟಿಬಿ ಡಿಸ್ಕು 1.81 ಅಂತ ತೋರಿಸುತ್ತೆ, ಅದು ಮೋಸ ಅಲ್ಲ, ಕಂಪನಿ 1000ರ ಲೆಕ್ಕ, ವಿಂಡೋಸ್ 1024ರ ಲೆಕ್ಕ.

ಮೊದಲ ಸಲ ಕ್ವಿಕ್ ಫಾರ್ಮ್ಯಾಟ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. 2 ಟಿಬಿಗೆ ಮೂರು ನಾಲ್ಕು ಗಂಟೆ ಹಿಡಿಯುತ್ತೆ, ಹಿಡಿಯಲಿ. ಡಿಸ್ಕಿನ ಮೂಲೆಮೂಲೆಗೂ ಬರೆದು ನೋಡುತ್ತೆ, ಕೆಟ್ಟ ಜಾಗ ಇದ್ದರೆ ಅಂಗಡಿ ವಾಪಸ್ ತಗೊಳ್ಳೋ ಅವಧಿಯೊಳಗೇ ಗೊತ್ತಾಗುತ್ತೆ.

ಆದರೆ ಹಳೇ ಕಂಪ್ಯೂಟರಿಂದ ತೆಗೆದ, ಫೋಟೋ ಇರೋ ಡಿಸ್ಕು ಹಾಕಿದಾಗ ಇದೇ 'ಇನಿಷಿಯಲೈಸ್' ಅಥವಾ 'ಫಾರ್ಮ್ಯಾಟ್ ಮಾಡಿ' ಅನ್ನೋ ಕಿಟಕಿ ಬಂದರೆ, ಕೈ ತೆಗೀರಿ. ಕ್ಯಾನ್ಸಲ್ ಒತ್ತಿ. ಮದುವೆ ಫೋಟೋ, ಮಗುವಿನ ಮೊದಲ ಹೆಜ್ಜೆಯ ವಿಡಿಯೋ, ತೀರಿಕೊಂಡ ಹಿರಿಯರ ದನಿ, ಎಲ್ಲ ಇರೋ ಡಿಸ್ಕಿಗೆ 'ಕರಪ್ಟ್ ಆಗಿತ್ತು, ಫಾರ್ಮ್ಯಾಟ್ ಹೊಡೆದಿದೀನಿ, ಈಗ ಸೂಪರಾಗಿದೆ' ಅಂತ ಹೇಳಿ ಕೊಡೋ ಜನ ಇದ್ದಾರೆ. ಕೇಳದೆ ಮಾಡೋಕೆ ಅವರಿಗೆ ಯಾರು ಅಧಿಕಾರ ಕೊಟ್ಟರು? ಮೊದಲು ಕೇಬಲ್ ಬದಲಾಯಿಸಿ, ಪೋರ್ಟ್ ಬದಲಾಯಿಸಿ, ಬೇರೆ ಕಂಪ್ಯೂಟರಲ್ಲಿ ನೋಡಿ. 'ಆಫ್‌ಲೈನ್' ಅಂತ ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಮಾಡಿದರೆ ಸಾಕು. ಬರೀ ಅಕ್ಷರ ಸಿಕ್ಕಿಲ್ಲದಿದ್ದರೆ ಅಕ್ಷರ ಕೊಟ್ಟರೆ ಸಾಕು. ಇದೇ ಜಾಗ್ರತೆ ವಿಂಡೋಸ್ ಹೊಸದಾಗಿ ಹಾಕಿಸುವಾಗಲೂ ಬೇಕು: ಡೇಟಾ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಪಾರ್ಟಿಷನ್ ಆ ಡಿಸ್ಕಿನ ಮೇಲೆ ಹೋಗಿ ಕೂರಬಹುದು, ಮುಂದೆ ಅದನ್ನ ತೆಗೆದ ದಿನ ಕಂಪ್ಯೂಟರೇ ಏಳಲ್ಲ.

ಇನ್ನು ಡಿಸ್ಕ್ ಮಾರೋರ ಮುಚ್ಚುಮರೆ. ಎಸ್‌ಎಂಆರ್ ಅನ್ನೋ ಡಿಸ್ಕುಗಳಲ್ಲಿ ಟ್ರ್ಯಾಕುಗಳನ್ನ ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಏರಿಸಿ ಬರೆದಿರ್ತಾರೆ. ಒಂದು ಟ್ರ್ಯಾಕ್ ಬದಲಾಯಿಸಬೇಕಾದರೆ ಅದರ ಮುಂದಿನವನ್ನೂ ಮತ್ತೆ ಬರೀಬೇಕು. ಸ್ವಲ್ಪ ಕಾಪಿ ಮಾಡಿದರೆ ಗೊತ್ತಾಗಲ್ಲ. ನೂರಾರು ಜಿಬಿ ಒಟ್ಟಿಗೆ ತುಂಬಿಸಿದಾಗ ತಾತ್ಕಾಲಿಕವಾಗಿ ಬರೆದಿಡೋ ಕ್ಯಾಶ್ ಜಾಗ ಮುಗಿದು ಸ್ಪೀಡು ಪಾತಾಳಕ್ಕೆ ಬೀಳುತ್ತೆ. 2020ರ ಏಪ್ರಿಲ್‌ನಲ್ಲಿ ಪತ್ರಕರ್ತರು ಬಯಲಿಗೆಳೆದ ಮೇಲೆ ತಾನೇ ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಷಿಬಾ ಮೂರೂ ಯಾವ ಮಾಡೆಲ್ ಎಸ್‌ಎಂಆರ್ ಅಂತ ಒಪ್ಪಿಕೊಂಡಿದ್ದು? ನ್ಯಾಸ್‌ಗೆ (ನೆಟ್‌ವರ್ಕಿನಲ್ಲಿ ಎಲ್ಲರೂ ಬಳಸೋ ಡಿಸ್ಕ್ ಪೆಟ್ಟಿಗೆ) ಅಂತಲೇ ವೆಸ್ಟರ್ನ್ ಡಿಜಿಟಲ್ ಮಾರ್ತಿದ್ದ ಕೆಲವು ರೆಡ್ ಡಿಸ್ಕುಗಳಲ್ಲೂ ಸದ್ದಿಲ್ಲದೆ ಇದನ್ನೇ ಹಾಕಿದ್ದರು. ಆಮೇಲೆ ಸಿಎಂಆರ್ (ಟ್ರ್ಯಾಕುಗಳನ್ನ ಒಂದರ ಮೇಲೊಂದು ಏರಿಸದೆ ಬರೆಯೋ ರೀತಿ) ಇರೋದಕ್ಕೆ ರೆಡ್ ಪ್ಲಸ್ ಅಂತ ಹೆಸರಿಟ್ಟರು. ಫೋಟೋ ಒಂದು ಸಲ ತುಂಬಿಸಿ ಇಡೋಕೆ ಎಸ್‌ಎಂಆರ್ ಸಾಕು, ಅದನ್ನ ಹೇಳಿ ಮಾರಿ ಅಷ್ಟೇ. ಕಂಪನಿ ಸೈಟಿನ ಡೇಟಾಶೀಟಿನಲ್ಲಿ ಮಾಡೆಲ್ ನಂಬರ್ ಪೂರ್ತಿ ಹೊಂದಿಸಿ ನೋಡಿ, ಹೆಸರು ನಂಬಬೇಡಿ.

ಅದಕ್ಕಿಂತ ದೊಡ್ಡ ದಗಲ್ಬಾಜಿ ಹಳೇದನ್ನ ಹೊಸದು ಅಂತ ಮಾರೋದು. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಸಾವಿರಾರು ಗಂಟೆ ಓಡಿದ್ದ ಸೀಗೇಟ್ ಡಿಸ್ಕುಗಳು ಹೊಸ ಡಿಸ್ಕಿನ ವೇಷದಲ್ಲಿ ಅಂಗಡಿಗಳಲ್ಲಿ ಸಿಕ್ಕವು. ಎಷ್ಟು ಓಡಿದೆ, ಎಷ್ಟು ಕೆಟ್ಟಿದೆ ಅಂತ ಡಿಸ್ಕೇ ಇಟ್ಟುಕೊಳ್ಳೋ ಸ್ಮಾರ್ಟ್ ಲೆಕ್ಕವನ್ನ ಸೊನ್ನೆ ಮಾಡಿದ್ದರು, ಸೀಗೇಟ್ ಡಿಸ್ಕು ಒಳಗೆ ಬೇರೆಯಾಗಿ ಇಡೋ ಫಾರ್ಮ್ ಲಾಗ್ ನಿಜ ಹೇಳಿತು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಕೊಳ್ಳಿ, ಆನ್‌ಲೈನಲ್ಲಿ ಕೊಳ್ಳಿ, ಮೊದಲ ದಿನವೇ ಸ್ಮಾರ್ಟ್ ಲೆಕ್ಕ ತೋರಿಸೋ ಸಾಫ್ಟ್‌ವೇರ್ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಓಡಿಸಿ. ಪವರ್ ಆನ್ ಅವರ್ಸ್ ಸೊನ್ನೆ ಆಸುಪಾಸು ಇರಬೇಕು. ಕೆಟ್ಟ ಜಾಗದ ಲೆಕ್ಕ ಇಡೋ 05, ಸಿ5, ಸಿ6 ಸಾಲುಗಳ ರಾ ವ್ಯಾಲ್ಯೂ ಸೊನ್ನೆಯೇ ಇರಬೇಕು. ಸಿ7 ಏರ್ತಾ ಇದ್ದರೆ ಬಹುತೇಕ ಕೇಬಲ್ಲಿನ ತಪ್ಪು, ಡಿಸ್ಕನ್ನ ಎಸೀಬೇಡಿ. ಸೀಗೇಟ್ ಆದರೆ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಸ್ಮಾರ್ಟ್‌ಮಾನ್‌ಟೂಲ್ಸ್ 7.4 ಅಥವಾ ಅದರ ನಂತರದ್ದರಲ್ಲಿ ಫಾರ್ಮ್ ಲಾಗ್ ಕೂಡ ಓದಬಹುದು, ಎರಡರ ಗಂಟೆಯೂ ತಾಳೆ ಆಗಬೇಕು. ಜೊತೆಗೆ ಸೀರಿಯಲ್ ನಂಬರನ್ನ ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ. 'ಅಂಗಡಿ ವಾರಂಟಿ ಒಂದು ವರ್ಷ' ಅಂತ ಕೈಬರಹದ ಚೀಟಿ ಕೊಟ್ಟರೆ ಅಲ್ಲೇ ಅನುಮಾನ ಪಡಿ.

ಕೊನೆಗೆ ಬಿಲ್. 'ಬಿಲ್ ಬೇಕಾದರೆ ಜಿಎಸ್‌ಟಿ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್' ಅಂತ ರಾಗ ಎಳೀತಾರೆ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಬಿಲ್ಲಿನಲ್ಲಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡೂ ಬರೆಸಿ, ಅಲ್ಲೇ ನಿಂತು ಡಿಸ್ಕಿನ ಲೇಬಲ್ ಜೊತೆ ಹೊಂದಿಸಿ ನೋಡಿ. ಕೊರಿಯರಲ್ಲಿ ಬಂದರೆ ಡಬ್ಬ ಬಿಚ್ಚೋದನ್ನ ಪೂರ್ತಿ ವಿಡಿಯೋ ಮಾಡಿ. ಬಬಲ್ ರ‍್ಯಾಪ್ ಇಲ್ಲದೆ ಬರೀ ಪ್ಲಾಸ್ಟಿಕ್ ಕವರಲ್ಲಿ ಬಿಸಾಕಿ ಕಳಿಸಿದ್ದರೆ ಕಂಪ್ಯೂಟರಿಗೆ ಹಾಕೋಕೇ ಹೋಗಬೇಡಿ, ವಾಪಸ್ ಮಾಡಿ. ಬದಲಾಯಿಸಿ ಕೊಡಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಬಿಲ್ಲಿನ ಫೋಟೋ ಜೊತೆ ದೂರು ದಾಖಲಿಸಿ, ದೂರಿನ ನಂಬರನ್ನ ಅಂಗಡಿಯವರಿಗೂ ಕಳಿಸಿ.