ಕೈಯಾಲೆಗೆ ಕಾರ್ಡು ಬೇಕಿಲ್ಲ

ವಿಹಾರದ ಹಡಗಿನ ಹದಿನಾಲ್ಕನೆಯ ಡೆಕ್ಕಿನ ತುದಿಯಲ್ಲಿದ್ದ ಗಾಜಿನ ಬಾಗಿಲಿನ ಪಕ್ಕದ ಯಂತ್ರಕ್ಕೆ ನನ್ನ ಮಾವ ತಮ್ಮ ಕಾರ್ಡನ್ನು ಮೂರು ಸಲ ತೋರಿಸಿದರು. ಮೊದಲ ಸಲ ತಲೆಕೆಳಗಾಗಿ ಹಿಡಿದಿರಬೇಕು ಎಂದುಕೊಂಡರು, ಎರಡನೆಯ ಸಲ ಅಂಗಿಯ ತುದಿಗೆ ಒರೆಸಿಕೊಂಡು ತೋರಿಸಿದರು, ಮೂರನೆಯ ಸಲವೂ ಯಂತ್ರ ಕೆಂಪಗೆ ಮಿನುಗಿ ಸುಮ್ಮನಾದಾಗ ಒಳಗಿನಿಂದ ಒಬ್ಬ ಹುಡುಗಿ ಬಂದು, ಬಾಗಿಲನ್ನು ಅರ್ಧವಷ್ಟೇ ತೆರೆದು, ಈ ಲಾಂಜ್ ಸೂಟ್, ಅಂದರೆ ದುಬಾರಿಯ ದೊಡ್ಡ ಕೋಣೆ, ಹಿಡಿದ ಪ್ರಯಾಣಿಕರಿಗೆ ಮಾತ್ರ ಎಂದು ಬಹಳ ವಿನಯದಿಂದ ತಿಳಿಸಿದಳು. ನಾಲ್ಕು ಮಾರು ದೂರದ ಸೋಫಾದಲ್ಲಿ ತಟ್ಟೆ ಹಿಡಿದು ಕೂತಿದ್ದ ಅವ್ವ ಗಾಜಿನ ಆಚೆ ನಿಂತ ತಮ್ಮನನ್ನು ನೋಡುತ್ತಲೇ ಇದ್ದಳು. ಅವರನ್ನು ಅಲ್ಲಿಗೆ ಬರಲು ಹೇಳಿದ್ದವಳು ಅವಳೇ.

ನಾನು ಸಿಂಗಪುರಕ್ಕೆ ಬಂದು ಹದಿನಾರು ವರ್ಷಗಳಾದವು. ರಜೆಯಲ್ಲಿ ನಾನು ಕೊಡಗಿನ ನಾಪೋಕ್ಲಿಗೆ ಹೋಗಿಬರುವುದುಂಟೇ ಹೊರತು ಊರಿನವರು ಇತ್ತ ಬರುವುದು ಅಪರೂಪ. ಕಾಫಿಗೆ ಎಂದೂ ಕಾಣದ ಬೆಲೆ ಬಂದ ಆ ವರ್ಷ ಮಾತ್ರ ಮಾವನೇ ಫೋನು ಮಾಡಿ, ಅಕ್ಕನನ್ನೂ ಕರೆದುಕೊಂಡು ಬರುತ್ತೇನೆ, ಹಡಗು ತೋರಿಸು ಎಂದರು. ಅವ್ವನಿಗೆ ಮಂಡಿನೋವು, ಸಾಲಿನಲ್ಲಿ ನಿಲ್ಲಲಾರಳು ಎಂಬ ಕಾರಣಕ್ಕೆ ಅವಳಿಗೂ ನಮಗೂ ಒಂದು ಸೂಟ್ ಕಾಯ್ದಿರಿಸಿದೆ. ಮಾವನಿಗೂ ಅದನ್ನೇ ಮಾಡುತ್ತೇನೆಂದರೆ ಅವರು ಒಪ್ಪಲಿಲ್ಲ. ತಮ್ಮ ಮತ್ತು ಅತ್ತೆಯ ಟಿಕೆಟ್ಟಿನ ಹಣ ತಾವೇ ಕೊಡುವುದಾಗಿಯೂ, ಕಣ್ಣು ಮುಚ್ಚಿ ಮಲಗುವವನಿಗೆ ಕಿಟಕಿ ಏಕೆಂದೂ ವಾದಿಸಿ, ಹಡಗಿನ ಹೊಟ್ಟೆಯೊಳಗಿನ ಕಿಟಕಿಯಿಲ್ಲದ ಕೋಣೆಯೊಂದನ್ನು ಹಿಡಿದರು. ಮರೀನಾ ಬೇ ಕ್ರೂಸ್ ಸೆಂಟರಿನಿಂದ ಹೊರಟು ಪೆನಾಂಗ್ ಮತ್ತು ಫುಕೆಟ್ ನೋಡಿಕೊಂಡು ಮರಳುವ ನಾಲ್ಕು ರಾತ್ರಿಗಳ ಯಾನವದು. ಕಂಪನಿಯ ಹೆಸರು ಇಲ್ಲಿ ಬೇಡ.

ಸೂಟಿನವರಿಗೆ ಸಲ್ಲುವ ಸವಲತ್ತುಗಳು ಹಡಗು ಹತ್ತುವ ಮೊದಲೇ ಶುರುವಾಗುತ್ತವೆ. ನಮ್ಮನ್ನು ಬೇರೊಂದು ಸಾಲಿಗೆ ಕರೆದು, ಹತ್ತು ನಿಮಿಷದಲ್ಲಿ ಹಡಗಿನೊಳಗೆ ಬಿಟ್ಟರು. ಲಾಂಜಿನಲ್ಲಿ ಬೆಳಿಗ್ಗೆ ಗದ್ದಲವಿಲ್ಲದ ತಿಂಡಿ, ಹಗಲೆಲ್ಲ ಕಾಫಿ ಮತ್ತು ಹಣ್ಣು, ಸಂಜೆ ಎರಡು ಮೂರು ಗಂಟೆಗಳ ಕಾಲ ಬಿಲ್ಲಿಲ್ಲದ ವೈನು, ಅದರ ಜೊತೆ ಒಂದೇ ತುತ್ತಿಗೆ ಮುಗಿಯುವಂಥ ಚಿಕ್ಕ ಚಿಕ್ಕ ತಿನಿಸು. ಮೂಲೆಯ ಮೇಜಿನ ಹಿಂದೆ ಕನ್ಸಿಯರ್ಜ್. ಈಕೆಗೂ ಬಟ್ಲರಿಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಅಲ್ಲಿಯೇ: ಬಟ್ಲರ್ ಕೋಣೆಯೊಳಗಿನ ಕೆಲಸ ನೋಡಿಕೊಂಡರೆ, ಕನ್ಸಿಯರ್ಜ್ ಕೋಣೆಯ ಹೊರಗಿನ ಎಲ್ಲವನ್ನೂ ನೋಡಿಕೊಳ್ಳುತ್ತಾಳೆ. ಹೋಟೆಲಿನಲ್ಲಿ ಮೇಜು ಕಾಯ್ದಿರಿಸುವುದು, ನಾಟಕಶಾಲೆಯಲ್ಲಿ ಮುಂದಿನ ಸಾಲು ಹಿಡಿದಿಡುವುದು, ಬಿಲ್ಲಿನಲ್ಲಿ ತಪ್ಪಿದ್ದರೆ ಸರಿಪಡಿಸುವುದು, ಕೊನೆಯ ದಿನ ಬೆಳಿಗ್ಗೆ ಜನಜಂಗುಳಿಯ ನಡುವೆ ದಾರಿ ಮಾಡಿಕೊಂಡು ಕೆಳಗಿಳಿಸುವುದು ಇವೆಲ್ಲ ಅವಳ ಜವಾಬ್ದಾರಿ.

ಈ ಏರ್ಪಾಟನ್ನು ಆ ವ್ಯಾಪಾರದವರು ಹಡಗಿನೊಳಗೊಂದು ಹಡಗು ಎಂದೇ ಕರೆಯುತ್ತಾರೆ. 1912ರ ಟೈಟಾನಿಕ್ಕಿನಲ್ಲಿ ಮೊದಲನೆಯ, ಎರಡನೆಯ, ಮೂರನೆಯ ದರ್ಜೆಗಳಿದ್ದದ್ದು ಎಲ್ಲರಿಗೂ ಗೊತ್ತು. ರಜಾ ವಿಹಾರದ ಹಡಗುಗಳ ಕಾಲ ಬಂದಾಗ, ಕೋಣೆ ದೊಡ್ಡದಿರಲಿ ಚಿಕ್ಕದಿರಲಿ, ಊಟದ ಹಾಲು, ಈಜುಕೊಳ, ನಾಟಕಶಾಲೆ ಬಹುಮಟ್ಟಿಗೆ ಎಲ್ಲರಿಗೂ ಒಂದೇ ಆದವು. ಕ್ಯುನಾರ್ಡ್ ಮಾತ್ರ ಹಳೆಯ ಚಾಳಿಯನ್ನು ಪೂರ್ತಿ ಬಿಡಲಿಲ್ಲ. 2004ರಲ್ಲಿ ಯಾನ ಆರಂಭಿಸಿದ ಕ್ವೀನ್ ಮೇರಿ 2 ಹಡಗಿನಲ್ಲಿಯೂ ಕ್ವೀನ್ಸ್ ಗ್ರಿಲ್, ಪ್ರಿನ್ಸೆಸ್ ಗ್ರಿಲ್ ಎಂದು ಸೂಟಿನವರಿಗೆ ಪ್ರತ್ಯೇಕ ಊಟದ ಮನೆಗಳಿವೆ. 2008ರಲ್ಲಿ ಎಂಎಸ್‌ಸಿ ಕಂಪನಿ ತನ್ನ ಫಾಂಟೇಸಿಯಾ ಹಡಗಿನಲ್ಲಿ ಯಾಟ್ ಕ್ಲಬ್ ಎಂಬ ಪ್ರತ್ಯೇಕ ಭಾಗವನ್ನೇ ಕಟ್ಟಿತು. ನಾರ್ವೇಜಿಯನ್ ಕಂಪನಿಯ ಹೆವನ್, ಹಾಲೆಂಡ್ ಅಮೆರಿಕದ ನೆಪ್ಚೂನ್ ಲಾಂಜ್, ಸೆಲೆಬ್ರಿಟಿಯ ರಿಟ್ರೀಟ್ ಎಲ್ಲವೂ ಇದೇ ಬಳಗದವು. ದರ್ಜೆ ಎಂಬ ಮಾತು ಹೋಯಿತು, ಬಾಗಿಲು ತಿರುಗಿ ಬಂದಿತು.

ಹಣ ಕೊಟ್ಟವರಿಗೆ ಹೆಚ್ಚಿನ ಸೌಕರ್ಯ ಸಿಗಬಾರದೆಂದು ನಾನು ಹೇಳುವುದಿಲ್ಲ. ಆದರೆ ಒಬ್ಬರ ಜೊತೆ ಕೂತಿರುವ ಮನುಷ್ಯನಿಗೆ ಒಂದು ಲೋಟ ನೀರು ಕೊಡುವ ಮೊದಲು ಅವನ ಕಾರ್ಡಿನ ಬಣ್ಣ ನೋಡುವ ಪದ್ಧತಿ, ಕೊಡಗಿನಲ್ಲಿ ಹುಟ್ಟಿದವನ ಗಂಟಲಲ್ಲಿ ಇಳಿಯುವುದು ಕಷ್ಟ. ಕುಲದವರೆಲ್ಲರ ಮೂಲಮನೆಯಾದ ನಮ್ಮ ಐನ್‌ಮನೆಯ ಕಟ್ಟೋಣವೇ ಬೇರೆ ಮಾತನ್ನು ಹೇಳುತ್ತದೆ. ಓಣಿ ದಾಟಿ, ಅಂಗಳ ದಾಟಿ, ಮೆಟ್ಟಿಲು ಹತ್ತಿದರೆ ಕೈಯಾಲೆ, ಅಂದರೆ ಮುಂಜಗಲಿ. ಅಲ್ಲಿ ಕಂಬದಿಂದ ಕಂಬಕ್ಕೆ, ತಲೆಮಾರುಗಳ ಜನ ಕೂತು ಕೂತು ನುಣುಪಾದ ಐಮರ, ಕೂರುವ ಮರದ ಹಲಗೆ. ನಾಯಿ ಬೊಗಳುತ್ತದೆ, ಯಾರೋ ಹೊರಗೆ ಬಂದು ‘ಯಾವ ಮನೆಯವರು?’ ಎಂದು ಕೇಳುತ್ತಾರೆ, ಉತ್ತರ ಪೂರ್ತಿಯಾಗುವ ಮೊದಲೇ ಒಳಗೆ ಕಾಫಿಗೆ ನೀರು ಏರಿರುತ್ತದೆ. ಊಟದ ಹೊತ್ತಾಗಿದ್ದರೆ ಉಣ್ಣದೆ ಎದ್ದು ಹೋಗುವುದು ಬಂದವನಿಗೂ ಸಾಧ್ಯವಿಲ್ಲ, ಕಳಿಸಿದವನಿಗೂ ಮರ್ಯಾದೆಯಲ್ಲ. ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ತೆಗೆಯಲು ಗದ್ದೆಗೆ ಹೊರಟವರ ಹಿಂದೆ ಯಾರ ಮನೆಯ ನೆಂಟನ ನೆಂಟನೋ ನಡೆದುಬಂದರೆ, ಅವನೂ ತಂಬಿಟ್ಟು ತಿಂದೇ ಹೋಗುವುದು.

ಬಾಗಿಲಿನ ಆಚೆ ನಿಂತವರು ಮಾವನಾದ್ದರಿಂದ ನನಗೆ ಇನ್ನೊಂದು ವಿಷಯವೂ ಚುಚ್ಚಿತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಲ ಗುಡ್ಡಗಳು ಕುಸಿದು ಊರಿಗೆ ಊರೇ ಮನೆ ಬಿಟ್ಟು ಹೊರಟಾಗ, ಮಕ್ಕಂದೂರಿನ ಕಡೆಯ ಎರಡು ಸಂಸಾರಗಳು ಮಾವನ ಮನೆಯಲ್ಲಿ ಇಪ್ಪತ್ತು ದಿನ ಇದ್ದವು. ಅವರು ಯಾರ ಮೂಲಕ ಬಂದರು ಎಂಬುದು ಮಾವನಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ. ಯಾರೋ ಜೀಪಿನಲ್ಲಿ ತಂದು ಬಿಟ್ಟರು, ಅತ್ತೆ ಅನ್ನಕ್ಕೆ ದೊಡ್ಡ ಪಾತ್ರೆ ಇಳಿಸಿದರು, ಅಷ್ಟೇ. ಅಂಥ ಮನುಷ್ಯ ಒಂದು ಪಿಂಗಾಣಿ ತಟ್ಟೆಯಷ್ಟು ತಿನಿಸಿಗಾಗಿ ಗಾಜಿನ ಹೊರಗೆ ನಿಂತಿದ್ದರು. ‘ಬಿಡೋ, ಒಳಗೆ ಎಸಿ ಜಾಸ್ತಿ, ನಾನು ಮೇಲೆ ಗಾಳಿಗೆ ಹೋಗುತ್ತೇನೆ’ ಎಂದು ನನಗೇ ಸಮಾಧಾನ ಹೇಳಿ ಹೊರಟರು.

ಅವ್ವ ಏನೂ ಹೇಳಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೋಲು ಹಿಡಿದು ಎದ್ದು, ಆ ಬಾಗಿಲಿನಿಂದಲೇ ಹೊರಗೆ ಹೋದಳು; ಒಳಗಿನಿಂದ ಹೊರಗೆ ಹೋಗಲು ಕಾರ್ಡು ಬೇಕಾಗಿರಲಿಲ್ಲ. ಉಳಿದ ಸಂಜೆಗಳನ್ನು ಅಕ್ಕ ತಮ್ಮ ಇಬ್ಬರೂ ಎಲ್ಲರಿಗೂ ತೆರೆದಿದ್ದ ಬಫೆಯ ಗದ್ದಲದಲ್ಲಿ, ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ತೋಟದ ಬೋರ್‌ವೆಲ್ಲು, ಆನೆ ತುಳಿದ ಬಾಳೆ, ಯಾರದೋ ಮಗಳ ಮದುವೆಯ ವಿಚಾರ ಮಾತಾಡುತ್ತ ಕಳೆದರು. ನಾನೂ ನನ್ನ ಹೆಂಡತಿಯೂ ಅಲ್ಲಿಯೇ ಕೂತೆವು. ಸೂಟಿಗೆ ಕೊಟ್ಟ ಹಣದ ದೊಡ್ಡ ಪಾಲು ಹೀಗೆ ಖಾಲಿ ಸೋಫಾದಲ್ಲಿಯೇ ಉಳಿಯಿತು ಎಂದು ಲೆಕ್ಕ ಹಾಕಿದವನು ನಾನೊಬ್ಬನೇ ಇರಬೇಕು.

ಇಷ್ಟು ಬರೆದ ಮೇಲೆ ಕಾಫಿಯ ಸಂಗತಿಯನ್ನೂ ಹೇಳದಿದ್ದರೆ ಆ ಕನ್ಸಿಯರ್ಜ್ ಹುಡುಗಿಗೆ ಅನ್ಯಾಯವಾಗುತ್ತದೆ. ಸಂಜೆ ಲಾಂಜನ್ನು ಬಹಿಷ್ಕರಿಸಿದ ಅವ್ವ ಬೆಳಿಗ್ಗೆ ಮಾತ್ರ ತಪ್ಪದೆ ಅಲ್ಲಿಗೆ ಹೋಗುತ್ತಿದ್ದಳು. ಐದೂವರೆಗೆ ಏಳುವವಳಿಗೆ ನಿಶ್ಶಬ್ದವಾಗಿ ಕೂರಲು ಬೇರೆ ಜಾಗವಿರಲಿಲ್ಲ. ಅಲ್ಲಿದ್ದದ್ದು ಗುಂಡಿ ಒತ್ತಿದರೆ ಗುರ್ರೆಂದು ಕಾಫಿ ಸುರಿಸುವ ಯಂತ್ರ. ಕೊಡಗು ಒಂದೇ ಜಿಲ್ಲೆ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಬೆಳೆಯುತ್ತದೆ; ಅಂಥ ಊರಿನಲ್ಲಿ ಎಪ್ಪತ್ತನಾಲ್ಕು ವರ್ಷ ಬೆಲ್ಲದ ಕಾಫಿ ಕುಡಿದವಳು ಆ ಯಂತ್ರದ ನೊರೆಯನ್ನು ಚಮಚದಿಂದ ಬದಿಗೆ ಸರಿಸಿ, ಅಡಿಯಲ್ಲಿ ಏನಿದೆ ಎಂದು ಇಣುಕಿ ನೋಡಿದಳು. ಬೆಲ್ಲ ಉಂಟೇ ಎಂದು ಕೈಸನ್ನೆ ಮಾಡಿ ಕೇಳಿದಳು. ಮೊದಲ ದಿನ ಕಂದು ಸಕ್ಕರೆಯ ಪೊಟ್ಟಣಗಳು ಬಂದವು. ಅವ್ವ ತಲೆಯಾಡಿಸಿದಳು. ಫಿಲಿಪ್ಪೀನ್ಸಿನ ಆ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದು, ಅಮ್ಮ ಕೇಳಿದ್ದು ಏನು, ಅದರ ಬಣ್ಣವೇನು, ಗಟ್ಟಿಯೋ ಪುಡಿಯೋ ಎಂದೆಲ್ಲ ವಿಚಾರಿಸಿ ಬರೆದುಕೊಂಡಳು. ಹಡಗು ಪೆನಾಂಗಿಗೆ ಬಂದ ಮರುದಿನ ಬೆಳಿಗ್ಗೆ ಅವ್ವನ ಕಪ್ಪಿನ ಪಕ್ಕದಲ್ಲಿ, ಒಂದು ಪುಟ್ಟ ಬಟ್ಟಲಿನಲ್ಲಿ, ಚಾಕುವಿನಿಂದ ಹೆರೆದ ಗುಲಾ ಮೆಲಾಕಾ ಇತ್ತು. ಮಲೇಷ್ಯಾದಲ್ಲಿ ತೆಂಗಿನ ಮರದ ಸಿಹಿರಸ ಕಾಯಿಸಿ ಮಾಡುವ ಬೆಲ್ಲ. ಅವ್ವ ಒಂದು ಚೂರು ನಾಲಿಗೆಗೆ ಇಟ್ಟುಕೊಂಡು, ಹುಡುಗಿಯ ಮುಖವನ್ನೂ ಬಟ್ಟಲನ್ನೂ ಎರಡೆರಡು ಸಲ ನೋಡಿ, ಅವಳ ಮುಂಗೈಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. ಫುಕೆಟ್ಟಿನಲ್ಲಿ ಹಡಗು ಸಮುದ್ರದ ನಡುವೆಯೇ ಲಂಗರು ಹಾಕಿ, ಜನರನ್ನು ಚಿಕ್ಕ ದೋಣಿಗಳಲ್ಲಿ ದಡಕ್ಕೆ ಸಾಗಿಸಿದಾಗಲೂ, ಸಾಲಿಗಿಂತ ಮೊದಲು ಅವ್ವನನ್ನು ಕರೆದೊಯ್ದು, ದೋಣಿ ಓಲಾಡುವುದು ನಿಲ್ಲುವ ತನಕ ಕೈಹಿಡಿದು ನಿಂತವಳು ಅವಳೇ.

ಇದೆಲ್ಲ ಸಂಬಳಕ್ಕೆ ಮಾಡಿದ ಕೆಲಸ ಎಂದು ತಳ್ಳಿಹಾಕಬಹುದು. ಸೂಟಿನವರ ಖಾತೆಯಿಂದ ದಿನದ ಲೆಕ್ಕದಲ್ಲಿ ಹಿಡಿಯುವ ಸೇವಾಶುಲ್ಕವೂ ಉಳಿದವರದಕ್ಕಿಂತ ಹೆಚ್ಚು. ಆದರೆ ಸಂಬಳವಿಲ್ಲದೆ ನಡೆಯುವ ನಮ್ಮ ಆತಿಥ್ಯವನ್ನು ಹೊಗಳುವಾಗ ಅದನ್ನು ನಡೆಸುವವರು ಯಾರು ಎಂಬುದನ್ನು ನಾವು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ಕೈಯಾಲೆಯಲ್ಲಿ ಬಂದವರೊಡನೆ ಕೂತು ಮಾತಾಡಿದವರು ಅಪ್ಪ ಮತ್ತು ಮಾವಂದಿರು. ಒಳಗೆ ಹೊಗೆಯಲ್ಲಿ ಅಕ್ಕಿತರಿಯ ಕಡಂಬುಟ್ಟು ಉಂಡೆ ಕಟ್ಟಿದವರು, ಎಲ್ಲರೂ ಉಂಡ ಮೇಲೆ ಮೂರು ಗಂಟೆಗೆ ತಳದ ಸಾರಿನಲ್ಲಿ ಅನ್ನ ಕಲಸಿಕೊಂಡವರು ಅವ್ವ ಮತ್ತು ಅತ್ತೆಯಂದಿರು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವ್ವನಿಗೆ, ನಿನಗೆ ಕಾಫಿ ಹೇಗೆ ಬೇಕು ಎಂದು ಕೇಳಿ, ಕೇಳಿದ್ದನ್ನು ಬರೆದುಕೊಂಡವಳು ಸಿಕ್ಕಿದ್ದು ಹಡಗಿನಲ್ಲಿ. ನಮ್ಮಲ್ಲಿ ಆ ಪ್ರಶ್ನೆಯನ್ನು ಕೇಳಬೇಕಾದವರಲ್ಲಿ ನಾನೂ ಒಬ್ಬ.

ಬಾಗಿಲಿನ ವಿಷಯಕ್ಕೆ ಬಂದರೂ, ನಾನು ಮೇಲೆ ಬರೆದಷ್ಟು ಧಾರಾಳವಾಗಿ ಅದು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು, ಇಷ್ಟವಿಲ್ಲದಿದ್ದರೂ, ಒಪ್ಪಿಕೊಳ್ಳಬೇಕು. ‘ಯಾವ ಮನೆಯವರು?’ ಎಂಬ ಪ್ರಶ್ನೆಗೆ ಹೇಳಿಕೊಳ್ಳಲು ಒಂದು ಮನೆಯ ಹೆಸರು ಬೇಕು. ನಮ್ಮ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದ, ಯರವ ಬುಡಕಟ್ಟಿನ ಮುದುಕನೊಬ್ಬನಿಗೆ ಆ ಹೆಸರಿರಲಿಲ್ಲ. ಅವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನು, ಯಾವ ಮರದಲ್ಲಿ ಜೇನಿದೆ ಎಂದು ತೋರಿಸಿಕೊಟ್ಟವನು. ಶನಿವಾರ ಬಟವಾಡೆಗೆ ಬಂದರೆ ಅವನು ನಿಲ್ಲುತ್ತಿದ್ದದ್ದು ಅಂಗಳದಲ್ಲಿ, ಕೈಯಾಲೆಯ ಕೊನೆಯ ಮೆಟ್ಟಿಲಿನ ಕೆಳಗೆ. ಅವನ ಕಾಫಿಯ ಲೋಟ ಬೇರೆ ಇತ್ತು. ಸೌದೆ ಕೊಟ್ಟಿಗೆಯ ಗೋಡೆಯ ಮೇಲೆ ಬೋರಲಾಗಿ ಇರುತ್ತಿತ್ತು, ಕುಡಿದ ಮೇಲೆ ಅವನೇ ತೊಳೆದು ಅಲ್ಲಿಯೇ ಇಡುತ್ತಿದ್ದ. ಯಾವ ಯಂತ್ರವೂ ಅವನಿಗೆ ಕೆಂಪು ದೀಪ ತೋರಿಸಲಿಲ್ಲ. ಅವನು ಮೆಟ್ಟಿಲು ಹತ್ತಲು ನೋಡಿದ್ದು ನನಗೆ ನೆನಪಿಲ್ಲ.

ಇನ್ನು ಮಾವ. ಅವರು ಊರಿನ ಕಡೆಯ ಪ್ಲಾಂಟರುಗಳ ಕ್ಲಬ್ಬೊಂದರ ಹಳೆಯ ಸದಸ್ಯರು. ಕಾಲೇಜಿನ ದಿನಗಳಲ್ಲಿ ಒಮ್ಮೆ ನಾನು ಚಪ್ಪಲಿ ಹಾಕಿಕೊಂಡು ಅವರನ್ನು ಹುಡುಕಿಕೊಂಡು ಅಲ್ಲಿಗೆ ಹೋದಾಗ, ವರಾಂಡದ ಬೇರರ್ ನನ್ನನ್ನು ಕಾರಿನ ಪಕ್ಕದಲ್ಲಿಯೇ ಕಾಯಲು ಹೇಳಿದ್ದ. ಹೊರಗೆ ಬಂದ ಮಾವ, ಶೂ ಹಾಕಿಕೊಂಡು ಬರಬೇಕಿತ್ತು ಎಂದು ನನ್ನನ್ನೇ ಗದರಿದ್ದರು. ಹಡಗಿನಲ್ಲಿ ಮೂರನೆಯ ರಾತ್ರಿ ನಾನು ಇದನ್ನು ನೆನಪಿಸಿದೆ. ಅವರು ನಕ್ಕು, ‘ಅದು ಬೇರೆ, ಅದು ರೂಲ್ಸು’ ಎಂದರು. ಎದುರಿಗೆ ಕೂತಿದ್ದ ಅತ್ತೆ ಏನೋ ಹೇಳಲು ಬಾಯಿ ತೆರೆದವರು ಸುಮ್ಮನೆ ಐಸ್‌ಕ್ರೀಮು ತಿಂದರು.

ಇಷ್ಟಾದರೂ, ಮತ್ತೊಮ್ಮೆ ಹಡಗು ಹತ್ತುವುದಾದರೆ ನಾನು ಸೂಟ್ ಹಿಡಿಯಲಾರೆ. ಹಿಡಿದರೆ ಎಲ್ಲರಿಗೂ ಹಿಡಿಯಬೇಕು, ಇಲ್ಲವೇ ಎಲ್ಲರೂ ಕಿಟಕಿಯಿಲ್ಲದ ಕೋಣೆಗಳಲ್ಲಿ ಮಲಗಿ ಬಫೆಯಲ್ಲಿ ಒಟ್ಟಿಗೆ ಕೂರಬೇಕು. ಅವ್ವನ ಮಂಡಿಗೆ ಒಂದು ಗಾಲಿಕುರ್ಚಿ ಕೇಳಿದರೆ ಯಾವ ಕೋಣೆಯವರಿಗೂ ಕೊಡುತ್ತಾರಂತೆ.

ಕೊನೆಯ ದಿನ ಬೆಳಿಗ್ಗೆ ಸಿಂಗಪುರದಲ್ಲಿ ಹಡಗು ನಿಂತಾಗ ಕನ್ಸಿಯರ್ಜ್ ಹುಡುಗಿ ನಮ್ಮನ್ನು ಲಾಂಜಿನಿಂದ ನೇರವಾಗಿ ಲಿಫ್ಟಿಗೆ, ಲಿಫ್ಟಿನಿಂದ ದಡಕ್ಕೆ ಎಲ್ಲರಿಗಿಂತ ಮೊದಲು ಇಳಿಸಿದಳು. ಅಲ್ಲಿಂದ ನಾವು ಎಲ್ಲಿಗೆ ಹೋಗುವುದು? ಮಾವನ ಪೆಟ್ಟಿಗೆಗೆ ಕಟ್ಟಿದ್ದ ಚೀಟಿಯ ನಂಬರನ್ನು ಕರೆಯುವ ತನಕ ಟರ್ಮಿನಲ್ಲಿನ ಬೆಂಚಿನ ಮೇಲೆ ಒಂದೂಕಾಲು ಗಂಟೆ ಕೂತೆವು. ಕೊನೆಗೆ ಅತ್ತೆಯೂ ಮಾವನೂ ಬೆವರುತ್ತ ಹೊರಗೆ ಬಂದಾಗ ಅವ್ವ ತನ್ನ ಚೀಲದೊಳಗೆ ಕೈಹಾಕಿ, ಟಿಶ್ಯೂ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ತೆಗೆದಳು. ಹಡಗಿನಿಂದ ತಿನಿಸನ್ನು ಹೊರಗೆ ಒಯ್ಯಬಾರದೆಂಬ ಫಲಕ ಅವಳಿಗೆ ಕಾಣಿಸಿರಲಿಲ್ಲ, ಅಥವಾ ಕಾಣಿಸಿತ್ತು. ಒಳಗೆ ಆ ಒಂದೇ ತುತ್ತಿನ ತಿನಿಸುಗಳು ನಾಲ್ಕು, ಸ್ವಲ್ಪ ಜಜ್ಜಿಹೋಗಿದ್ದವು.

‘ಆ ಗಾಜಿನ ಮನೆಯದು, ತಿನ್ನು’ ಎಂದಳು.

ಮಾವ ಒಂದನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಜಗಿದು, ‘ಉಪ್ಪೇ ಇಲ್ಲ ಅಕ್ಕ’ ಎಂದು, ಇನ್ನೊಂದಕ್ಕೆ ಕೈ ಚಾಚಿದರು.