ಕೀಟವೋ ರೋಗವೋ ಗೊತ್ತಿದ್ದರೆ ಅವರು ಯಾಕೆ ಬರುತ್ತಿದ್ದರು?

ಬೆಳಗ್ಗೆಯಿಂದ ಮನಸ್ಸು ಸರಿ ಇಲ್ಲ. ಇದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಇವತ್ತು ಒಂದು ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಕಚೇರಿಗೆ, ಅಂದರೆ ಅಲ್ಲಿನ ತಿಳಿವಳಿಕೆಯನ್ನು ರೈತರಿಗೆ ಮುಟ್ಟಿಸಬೇಕಾದ ಕಚೇರಿಗೆ, ಹೋಗಿದ್ದೆ. ವಯಸ್ಸಾದ ಹೆಂಗಸೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಎರಡು ಮೆಣಸಿನ ಗಿಡ ಹಿಡಿದು ಬಂದಿದ್ದರು. ಎಲೆಯೆಲ್ಲಾ ಮುಟುರಿತ್ತು. ಕೀಟಶಾಸ್ತ್ರ ವಿಭಾಗದವರು ನೋಡಿ, "ಇದು ರೋಗ ಇರಬೇಕಮ್ಮ, ರೋಗಶಾಸ್ತ್ರದವರಿಗೆ ತೋರಿಸಿ" ಅಂದರು. ಅಲ್ಲಿ ಹೋದರೆ, "ನುಸಿ ಇದ್ದ ಹಾಗಿದೆ, ಕೀಟದವರನ್ನೇ ಕೇಳಿ." ವಾಪಸ್ ಬರುವಷ್ಟರಲ್ಲಿ ಕೀಟದವರು ಊಟಕ್ಕೆ ಹೋಗಿಯಾಗಿತ್ತು. ಮತ್ತೆ ಮೆಟ್ಟಿಲು ಹತ್ತುವಾಗ ಅವರ ಕೈಲಿದ್ದ ಕವರ್ ನೋಡಿದೆ. ಒಳಗೆಲ್ಲಾ ನೀರು ಕೂತು, ಎಲೆ ಕಪ್ಪಾಗಿ, ಕೊಳೆಯಲು ಶುರುವಾಗಿತ್ತು. ಗಿಡವನ್ನು ಪ್ಲಾಸ್ಟಿಕ್‌ನಲ್ಲಿ ತರಬಾರದು, ಒಣ ಪೇಪರಿನಲ್ಲಿ ಸುತ್ತಿ ತರಬೇಕು ಅಂತ ಯಾರಾದರೂ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಮೆಣಸಿನ ಎಲೆ ಮುಟುರಲು ಕಾರಣ ಒಂದೇ ಅಲ್ಲ. ಥ್ರಿಪ್ಸ್ ಅನ್ನೋ ಸಣ್ಣ ಕೀಟ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ಮೈಟ್ ನುಸಿಯಾದರೆ ಕೆಳಕ್ಕೆ. ಬಿಳಿನೊಣ ಹರಡುವ ವೈರಸ್‌ನಿಂದಲೂ ಮುಟುರುತ್ತದೆ, ಎಷ್ಟೋ ಸಲ ಎಲ್ಲವೂ ಒಂದೇ ಹೊಲದಲ್ಲಿರುತ್ತವೆ. ಥ್ರಿಪ್ಸ್‌ಗೆ ಹೊಡೆಯುವ ಎಷ್ಟೋ ಔಷಧಿ ಮೈಟ್‌ಗೆ ನಾಟುವುದೇ ಇಲ್ಲ. ವೈರಸ್ ತಗುಲಿದ ಗಿಡವನ್ನಂತೂ ಯಾವ ಔಷಧಿಯೂ ವಾಸಿ ಮಾಡುವುದಿಲ್ಲ. ಯಾವ ವಿಭಾಗದ ಬಾಗಿಲು ತಟ್ಟಬೇಕು ಅಂತ ತಿಳಿಯಲು ಮೊದಲು ಕಾರಣ ಗೊತ್ತಿರಬೇಕು. ಆ ಕಾರಣ ಕೇಳಲಿಕ್ಕೇ ತಾನೇ ಅವರು ಬಂದಿದ್ದು!

ನನ್ನ ಸಿಟ್ಟು ಅಲ್ಲಿದ್ದ ಯಾವ ವಿಜ್ಞಾನಿಯ ಮೇಲೂ ಅಲ್ಲ. ಇಬ್ಬರೂ ತಿಳಿದವರೇ. ಸಿಟ್ಟು ಆ ಏರ್ಪಾಡಿನ ಮೇಲೆ. ವಿಭಾಗಗಳು ಇರುವುದು ಪಾಠಕ್ಕೆ, ಸಂಶೋಧನೆಗೆ. ಜನರ ಕಷ್ಟ ವಿಭಾಗ ನೋಡಿಕೊಂಡು ಬರುತ್ತದಾ? ಕೆಳಗೆ ಒಂದೇ ಒಂದು ಮೇಜು ಇರಲಿ. ಅಲ್ಲಿ ಕೂತವರು ಗಿಡ ತೆಗೆದುಕೊಳ್ಳಲಿ, ಹೆಸರು, ಫೋನ್ ನಂಬರ್ ಬರೆದುಕೊಳ್ಳಲಿ, ಯಾವಾಗ ನೆಟ್ಟಿದ್ದು, ಏನು ಹೊಡೆದಿದ್ದೀರಿ ಅಂತ ಕೇಳಲಿ, ಆಮೇಲೆ ಅದನ್ನು ಯಾರಿಗೆ ತೋರಿಸಬೇಕೋ ಅವರೇ ಹೋಗಿ ತೋರಿಸಿ, ಇಂಥ ದಿನ ಫೋನ್ ಮಾಡುತ್ತೇವೆ ಅಂತ ಹೇಳಿ ಕಳಿಸಲಿ. ಅಲೆಯಬೇಕಾದ್ದು ಆ ಗಿಡ, ಅದನ್ನು ತಂದವರಲ್ಲ. ಹದಿನೈದು ದಿನ ಬಿಟ್ಟು "ಈಗ ಹೇಗಿದೆ?" ಅಂತ ಇನ್ನೊಂದು ಫೋನ್ ಮಾಡಿದರೆ, ಹೇಳಿದ ಸಲಹೆ ಸರಿಯಿತ್ತಾ ಇಲ್ಲವಾ ಅಂತ ಅವರಿಗೂ ತಿಳಿಯುತ್ತದೆ.

ಸಿಬ್ಬಂದಿ ಇಲ್ಲ, ಪಾಠ ಮಾಡಬೇಕು, ಪ್ರಬಂಧ ಬರೆಯಬೇಕು ಅಂತೀರಾ. ಒಪ್ಪಿದೆ, ಹುದ್ದೆ ಖಾಲಿ ಇವೆ. ಆದರೆ ಇವತ್ತು ಒಬ್ಬರ ಒಂದೇ ಪ್ರಶ್ನೆಗೆ ಎರಡು ವಿಭಾಗದವರು ಎದ್ದು ಮಾತಾಡಿದರು, ಉತ್ತರ ಮಾತ್ರ ಸಿಗಲಿಲ್ಲ. ಆ ಹೊತ್ತು ಲೆಕ್ಕಕ್ಕಿಲ್ಲವಾ? ಬಡ್ತಿಗೆ ಪ್ರಬಂಧ ಎಷ್ಟು ಅಂತ ಎಣಿಸುವವರು, ಎಷ್ಟು ಜನರ ಪ್ರಶ್ನೆಗೆ ಕೊನೆಮುಟ್ಟ ಉತ್ತರ ಕೊಟ್ಟಿರಿ ಅಂತಲೂ ಎಣಿಸಲಿ.

ವಿಸ್ತರಣೆ ಹುಟ್ಟಿದ್ದೇ ಬೇರೆ ರೀತಿಯಲ್ಲಿ. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಉಪನ್ಯಾಸಕರನ್ನು ಬೇರೆ ಊರುಗಳಿಗೆ ಕಳಿಸಲು ಶುರು ಮಾಡಿತು. 1903ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಟೆರೆಲ್ ಅನ್ನೋ ಊರಿನ ಹತ್ತಿರ ಕೃಷಿ ತಜ್ಞ ಸೀಮನ್ ನ್ಯಾಪ್ ಅವರು ರೈತನ ಹೊಲದಲ್ಲೇ, ರೈತನ ಕೈಯಿಂದಲೇ ಪ್ರಾತ್ಯಕ್ಷಿಕೆ ಮಾಡಿಸಿದರು. ನಷ್ಟವಾದರೆ ತುಂಬಿಕೊಡಲು ಊರಿನವರು ಮೊದಲೇ ಹಣ ತೆಗೆದಿಟ್ಟಿದ್ದರು. ಆ ಭಯ ಹೋಗಿದ್ದಕ್ಕೇ ರೈತ ಒಪ್ಪಿದ್ದು. 1914ರಲ್ಲಿ ಸ್ಮಿತ್-ಲೀವರ್ ಕಾಯಿದೆ ಬಂದು ಅಲ್ಲಿ ಈ ಕೆಲಸ ದೇಶಕ್ಕೆಲ್ಲಾ ಹರಡಿತು. ಆಗೆಲ್ಲಾ ವಿಶ್ವವಿದ್ಯಾಲಯವೇ ಜನರ ಹತ್ತಿರ ನಡೆದು ಹೋಗುತ್ತಿತ್ತು. ಈಗ ನಡೆಯುತ್ತಿರುವವರು ಯಾರು ನೋಡಿ.

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ. ನಾನೂ ಹಿಂದೆ ಇಂಥದೇ ವಿಸ್ತರಣಾ ಕೆಲಸದಲ್ಲಿದ್ದಾಗ ಒಬ್ಬ ರೈತರು ಮಣ್ಣು ಪರೀಕ್ಷೆ ವರದಿ ಹಿಡಿದು ಬಂದಿದ್ದರು. ರಸಸಾರ (pH) 8.7 ಅಂತಿತ್ತು. ಕ್ಷಾರ ಜಾಸ್ತಿಯಾಗಿದೆ, ಜಿಪ್ಸಂ ಬೇಕಾಗಬಹುದು, ಇನ್ನೊಂದು ಪರೀಕ್ಷೆ ಮಾಡಿಸೋಣ ಅಂತ ಹೇಳುವಷ್ಟು ನನಗೆ ಗೊತ್ತಿತ್ತು. ಆದರೂ "ಮಣ್ಣು ವಿಭಾಗದವರನ್ನ ಕೇಳಿ" ಅಂದೆ. ನನ್ನ ವಿಷಯ ಅಲ್ಲವಲ್ಲ ಅಂತ. ಅವರು ವರದಿ ಮಡಚಿ ಜೇಬಿಗೆ ಹಾಕಿಕೊಂಡು ನೇರ ಗೇಟಿನ ಕಡೆ ಹೋದರು. ಕಿಟಕಿಯಿಂದ ನೋಡಿದ್ದೆ. ಕರೆಯಲಿಲ್ಲ.

ಇವತ್ತು ಆ ಅಮ್ಮನನ್ನು ಗೇಟಿನ ಹತ್ತಿರ ಮಾತಾಡಿಸಿದೆ. ಎಲೆ ಕೊಳೆತಿದ್ದರಿಂದ ನನಗೂ ಏನೂ ತಿಳಿಯಲಿಲ್ಲ. "ನಾಳೆ ಬೇರೆ ಗಿಡ ಬೇರು ಸಮೇತ ಕಿತ್ತು, ಪೇಪರಲ್ಲಿ ಸುತ್ತಿ ತನ್ನಿ" ಅಂದೆ.

"ತರ್ತೀನಿ. ಯಾರ ಕೈಗೆ ಕೊಡ್ಲಿ?" ಅಂದರು.

ನನ್ನ ನಂಬರ್ ಬರೆದುಕೊಟ್ಟು ಬಂದಿದ್ದೇನೆ. ನಾಳೆ ಹತ್ತು ಗಂಟೆಗೆ ಅವರ ಜೊತೆ ನಾನೂ ಹೋಗುತ್ತೇನೆ.